ಎದುರಾಡುವವರು ಬೇಕಾಗಿದ್ದಾರೆ

ಅದು ಎಲ್ಲ ಮಂಗಳವಾರಗಳಂಥದೇ ಒಂದು ಮಂಗಳವಾರ. ಬೆಳಿಗ್ಗೆ ನಾನೂ ನನ್ನ ಅಕ್ಕನೂ ಬಿಸಿಲಿನ ವಿಷಯಕ್ಕೆ ವಾದ ಮಾಡಿದೆವು.

"ಜಯನಗರದ ಬಿಸಿಲಲ್ಲಿ ಹಪ್ಪಳ ಒಣಗೋ ಹಾಗೆ ಈ ಬನಶಂಕರಿ ಬಿಸಿಲಲ್ಲಿ ಒಣಗಲ್ಲ ಕಣೇ" ಅಂದಳು ಅಕ್ಕ. ಜಯನಗರದ ಬಾಡಿಗೆ ಮನೆ ಬಿಟ್ಟು ನಾವಿಬ್ಬರೂ ಬನಶಂಕರಿಗೆ ಬಂದು ಬಹಳ ವರ್ಷಗಳಾಗಿದ್ದವು. ಎರಡರ ನಡುವೆ ಬಸ್ಸಿನಲ್ಲಿ ಕೆಲವೇ ನಿಲ್ದಾಣಗಳು.

"ಅಕ್ಕಾ, ಎರಡೂ ಕಡೆ ಒಬ್ಬನೇ ಸೂರ್ಯ. ನೀನು ಹೇಳ್ತಿರೋದು ಸಂಗತಿ ಅಲ್ಲ, ಬರೀ ಅಭಿಪ್ರಾಯ."

"ಸೂರ್ಯ ಒಬ್ಬನೇ ಇರಬಹುದು. ಬಿಸಿಲು ಬೇರೆ. ನಿನ್ನ ಪಾಠ ನಿನ್ನ ಶಾಲೆ ಮಕ್ಕಳಿಗೆ ಹೇಳ್ಕೋ, ಹೋಗು."

ಬಸ್ಸಿನಲ್ಲಿ ಕೂತು ಅವಳ ಬಾಯಿ ಮುಚ್ಚಿಸುವಂಥ ಉತ್ತರವೊಂದನ್ನು ಹೊಂದಿಸಿಕೊಂಡೆ. ಸಂಜೆ ಹೇಳಬೇಕು ಅಂದುಕೊಂಡೆ. ಶಾಲೆಯಲ್ಲಿ ಎಂಟನೇ ತರಗತಿಗೆ ಅಂದು ಇದೇ ಪಾಠ: ನೋಡಿ, ಅಳೆದು, ವಿಚಾರಿಸಿ ಖಚಿತ ಮಾಡಿಕೊಳ್ಳಬಹುದಾದದ್ದು ಸಂಗತಿ, ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಅಲ್ಲ ಅನ್ನಿಸುವುದು ಅಭಿಪ್ರಾಯ. ಪಾಠದ ಮಧ್ಯೆ ಅಟೆಂಡರ್ ಬಾಗಿಲಿಗೆ ಬಂದು, "ಮೇಡಂ, ನಿಮ್ಮ ಪಕ್ಕದ ಮನೆಯವರ ಫೋನು" ಅಂದ. ಹಪ್ಪಳ ಒಣಹಾಕಲು ಮಹಡಿಗೆ ಹೋದ ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳಂತೆ. ಮತ್ತೆ ಏಳಲಿಲ್ಲ. ನಾನು ಹೊಂದಿಸಿಕೊಂಡಿದ್ದ ಉತ್ತರ ನನ್ನಲ್ಲೇ ಉಳಿಯಿತು. ಈಗ ನೋಡಿದರೆ ಅದು ಅಷ್ಟೇನೂ ಒಳ್ಳೆಯ ಉತ್ತರವಲ್ಲ. ಅವಳು ಸುಲಭವಾಗಿ ಹೊಡೆದುಹಾಕುತ್ತಿದ್ದಳು.

ಸಾವಾದ ಮನೆಯವರ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ದಿನವೂ ಒಬ್ಬಳ ಹತ್ತಿರ ಬೈಸಿಕೊಂಡು ಮನೆಯಿಂದ ಹೊರಡುತ್ತಿದ್ದವಳಿಗೆ ಊರೆಲ್ಲ "ಹೌದು, ಹೌದು" ಅನ್ನತೊಡಗಿದರೆ, ಮನೆಯೊಳಗಿನ ಮೌನವೇ ಬೀದಿಗೂ ಬಂದಂತಾಗುತ್ತದೆ. ಯಾರಾದರೂ ಒಬ್ಬರು ನನಗೆ "ನಿಮ್ಮ ಮಾತು ತಪ್ಪು" ಅಂದರೆ ಸಾಕು ಅನ್ನಿಸಿತ್ತು. ಅಂಥವರನ್ನು ಹುಡುಕುವಾಗ ಆದ ಪ್ರಸಂಗಗಳಿವು. ಇಂಥವು ಇನ್ನೂ ಆಗುತ್ತಲೇ ಇವೆ.

ಹಯಗ್ರೀವ

ವೈಕುಂಠ ಸಮಾರಾಧನೆಯ ದಿನ ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುವುದು ನಮ್ಮಲ್ಲಿ ರೂಢಿ. ಹಿಂದಿನ ಸಂಜೆ ಅಡುಗೆ ಭಟ್ಟರು ಬಂದು, "ಸಿಹಿ ಏನು ಮಾಡೋಣ?" ಅಂದರು.

"ಅಕ್ಕಂಗೆ ಹಯಗ್ರೀವ ಅಂದ್ರೆ ಪ್ರಾಣ" ಅಂದ ಚಿಕ್ಕಪ್ಪನ ಮಗ.

ಅಕ್ಕ ಹಯಗ್ರೀವವನ್ನು ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ. "ಅವಳಿಗೆ ಅದು ಸೇರ್ತಾನೇ ಇರ್ಲಿಲ್ಲ" ಅಂದೆ.

"ಹೌದೌದು, ಕಂಡ್ರೆ ಆಗ್ತಿರ್ಲಿಲ್ಲ" ಅಂದ ಅವನೇ, ಉಸಿರು ಬದಲಿಸದೆ. ಅತ್ತೆಯೂ ತಲೆಯಾಡಿಸಿದರು. "ತಟ್ಟೆ ದೂರ ತಳ್ಳಿಬಿಡ್ತಿದ್ಲು."

ತಟ್ಟೆ ತಳ್ಳಿದ್ದೂ ಸುಳ್ಳು. ನಾನು ಪರೀಕ್ಷೆ ಮಾಡೋಣವೆಂದು, "ಇಲ್ಲ, ಚಿಕ್ಕವಳಿದ್ದಾಗ ಇಷ್ಟಪಡ್ತಿದ್ಲೋ ಏನೋ" ಅಂದೆ.

"ಇಷ್ಟ ಅಂದ್ರೆ ಎಂಥ ಇಷ್ಟ! ಕದ್ದು ತಿಂತಿದ್ಲು" ಅಂದರು ಅತ್ತೆ.

ಭಟ್ಟರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಅಮ್ಮಾ, ನೀವೆಲ್ಲ ಒಂದೇ ಮಾತು ಹೇಳ್ತಿದೀರಿ. ಆದ್ರೆ ನಂಗೆ ಕಡ್ಲೇಬೇಳೆ ನೆನೆಹಾಕ್ಬೇಕೋ ಬೇಡ್ವೋ ಮಾತ್ರ ಗೊತ್ತಾಗ್ತಿಲ್ಲ."

ದಂಟಿನ ಸೊಪ್ಪು

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುವಾಕೆಗೂ ಅಕ್ಕನಿಗೂ ದಿನಾ ಜಗಳ. ಅಕ್ಕ ಸೊಪ್ಪಿನ ವಂಶವನ್ನೇ ನಿಂದಿಸುವಳು. ಈಕೆ ಅಕ್ಕನ ಕಣ್ಣಿನ ಪೊರೆಯ ಮಾತೆತ್ತುವಳು. ಇಬ್ಬರಿಗೂ ಅದರಿಂದ ಬೆಳಗು ಕಳೆಗಟ್ಟುತ್ತಿತ್ತು. ಈಗ ಆ ಜಾಗದಲ್ಲಿ ನಾನು ನಿಂತೆ. ದಂಟಿನ ಸೊಪ್ಪಿನ ಮೇಲೆ ಇನ್ನೂ ನೀರ ಹನಿ ಇತ್ತು. ಅಷ್ಟು ಎಳೆಯ ಸೊಪ್ಪನ್ನು ಬೈಯಲು ನನಗೆ ನಾಚಿಕೆಯಾದರೂ ಧೈರ್ಯ ಮಾಡಿ, "ಏನಮ್ಮ, ಪೂರ್ತಿ ಬಾಡಿಹೋಗಿದೆ" ಅಂದೆ.

ಆಕೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಹೂಂ ಚಿಕ್ಕಕ್ಕ, ಬಾಡೋಗೈತೆ" ಅಂದು ಇನ್ನೊಂದು ಕಟ್ಟನ್ನು ಸುಮ್ಮನೆ ಚೀಲಕ್ಕೆ ಹಾಕಿದಳು.

ನಾನು ಗೇಟಿನವರೆಗೂ ಹೋಗಿರಲಿಲ್ಲ. ಎದುರು ಮನೆಯಾಕೆ ಬಂದು, "ಹೌದಾ, ಬಾಡಿದ್ಯಾ ಇವತ್ತು?" ಎಂದು ಕೇಳಿದ್ದೂ, ಈಕೆ ಬೀದಿಗೆಲ್ಲ ಕೇಳುವಂತೆ ಕೂಗಿದ್ದೂ ಕೇಳಿಸಿತು: "ಯಾರಮ್ಮ ಹೇಳಿದ್ದು? ಬೆಳಗ್ಗೆ ಕಿತ್ತಿದ್ದು! ಕಣ್ಣು ನೆಟ್ಟಗೈತಾ ನಿಂಗೆ?"

ಎದುರು ಮನೆಯಾಕೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಯಡಿಯೂರು ಕೆರೆ ಕಡೆಯಿಂದ

ಗುರುತಿನವರಿಂದ ಆಗದು ಎಂದು ಅಪರಿಚಿತರ ಕಡೆ ತಿರುಗಿದೆ. ಒಂದು ಸಂಜೆ ಬಸ್ಸು ಬಿಟ್ಟು ಆಟೋ ಹತ್ತಿ, ಬೇಕೆಂದೇ, "ಬನಶಂಕರಿ ದೇವಸ್ಥಾನದ ಮುಂದೆ ಹೋಗಿ" ಅಂದೆ.

"ಅಯ್ಯೋ, ಆ ಕಡೆ ಬೇಡ ಮೇಡಂ! ಈ ಟೈಮಲ್ಲಿ ಫುಲ್ ಜಾಮು. ಯಡಿಯೂರು ಕೆರೆ ಕಡೆಯಿಂದ ಬಿಡ್ತೀನಿ."

"ಇಲ್ಲ, ಅದೇ ಹತ್ತಿರ."

"ಯಾರು ಹೇಳಿದ್ದು ನಿಮ್ಗೆ? ನಾನು ಹುಟ್ಟಿದ್ದೇ ಇಲ್ಲಿ ಮೇಡಂ. ನೀವು ಹೇಳೋ ದಾರೀಲಿ ಹೋದ್ರೆ ನಾಳೆ ತಿಂಡಿ ಹೊತ್ತಿಗೆ ಮನೆ ಸೇರ್ತೀರಿ!"

ಎಷ್ಟು ಹಿತವಾಯಿತು! ನಾನು ಸೀಟಿನ ತುದಿಗೆ ಸರಿದು ಕೂತೆ. ಸಿಗ್ನಲ್ಲುಗಳ ಬಗ್ಗೆ, ಮೆಟ್ರೋ ಬಗ್ಗೆ, ಮೇಷ್ಟರುಗಳ ಬಗ್ಗೆ ಎಲ್ಲದಕ್ಕೂ ಅವನು ನನ್ನನ್ನು ಖಂಡಿಸಿದ. ಖುಷಿಯಲ್ಲಿದ್ದ ನಾನು ಎಚ್ಚರಿಕೆ ಮರೆತೆ. "ಇಷ್ಟು ವಾದ ಮಾಡ್ತೀರಲ್ಲ, ಮನೇಲಿ ಯಾರು ಮೇಡಂ ತಡ್ಕೊಳ್ಳೋದು?" ಎಂದು ಕೇಳಿದ. ನಿಜ ಹೇಳುವುದು ನನ್ನ ಅಭ್ಯಾಸ. "ಅಕ್ಕ ಇದ್ದಳು. ಹೋದ ತಿಂಗಳು ತೀರಿಹೋದಳು" ಅಂದೆ.

ಆಟೋ ನಿಧಾನವಾಯಿತು. ಯಡಿಯೂರಿನ ತಿರುವಿನಲ್ಲಿ ಅವನು ಹ್ಯಾಂಡಲ್ ಇನ್ನೊಂದು ಕಡೆಗೆ ತಿರುಗಿಸಿದ. "ನೀವು ಹೇಳಿದ್ದೇ ಸರಿ ಮೇಡಂ. ದೇವಸ್ಥಾನದ ಕಡೆನೇ ಹೋಗೋಣ."

ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡು, ಎಂಜಿನ್ ಆರಿಸಿ, ಸುತ್ತಲಿನ ಹಾರ್ನುಗಳ ಮಧ್ಯೆ ಅವನು ಹಿಂದಿರುಗಿ ನೋಡಿದ. "ನೋಡಿ ಮೇಡಂ, ಎಷ್ಟು ಬೇಗ ಬಂದ್ಬಿಟ್ವಿ."

ಪರ ಮತ್ತು ವಿರೋಧ

ಇನ್ನು ಉಳಿದದ್ದು ತರಗತಿ. ಎದುರಾಡುವುದಕ್ಕೆಂದೇ ನಾನು ತಯಾರು ಮಾಡಿದ್ದ ಮಕ್ಕಳು ಅವರು. ನಾನು ಉಪ್ಪಿಟ್ಟಿನ ಉದಾಹರಣೆ ಕೊಟ್ಟರೆ, "ನಮ್ಮಮ್ಮನ ಉಪ್ಪಿಟ್ಟು ಚೆನ್ನಾಗಿಲ್ಲ ಅನ್ನೋದು ಅಭಿಪ್ರಾಯ ಅಲ್ಲ ಮಿಸ್, ಸಂಗತಿ. ಬೇಕಾದ್ರೆ ತಿಂದು ನೋಡಿ" ಎಂದು ಡಬ್ಬಿ ತೆಗೆದು ನನ್ನ ಮುಂದಿಟ್ಟವರು.

ನಾನು ಮತ್ತೆ ಶಾಲೆಗೆ ಹೋದಾಗ ಎಲ್ಲರೂ ಕೈಕಟ್ಟಿ ಕೂತಿದ್ದರು. "ಬೆಂಗಳೂರು ಸಮುದ್ರದ ದಡದಲ್ಲಿದೆ. ಇದು ಸರಿಯೇ?" ಅಂದೆ.

"ಸರಿ ಮಿಸ್."

"ಯಾವ ಸಮುದ್ರ?"

ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ ಹಿಂದಿನ ಬೆಂಚಿನಿಂದ, "ಯಾವ್ದಾದ್ರೂ ಪರ್ವಾಗಿಲ್ಲ ಮಿಸ್."

ಮಾನಿಟರ್ ಹುಡುಗ ಇದರ ಹಿಂದಿದ್ದಾನೆಂದು ಆಮೇಲೆ ತಿಳಿಯಿತು. ಮಿಸ್ ದುಃಖದಲ್ಲಿದ್ದಾರೆ, ಎದುರು ಮಾತಾಡಬೇಡಿ ಎಂದು ಅವನ ತಾಯಿ ಹೇಳಿಕಳಿಸಿದ್ದರಂತೆ. ಅವನು ಅದನ್ನು ತರಗತಿಯ ಕಾನೂನು ಮಾಡಿದ್ದ.

ಹಾಗಾದರೆ ಚರ್ಚೆ ಇಡೋಣ, ಆಗ ಅನಿವಾರ್ಯವಾಗಿ ವಾದ ಮಾಡುತ್ತಾರೆ ಎಂದುಕೊಂಡೆ. "ಶಾಲೆಗೆ ಮೊಬೈಲ್ ತರಬಾರದು" ಎಂಬ ವಿಷಯ ಕೊಟ್ಟೆ. ವಿರೋಧಿಸಲು ಎದ್ದವನು ಗಂಭೀರವಾಗಿ ಶುರುಮಾಡಿದ: "ನಾನು ಈ ವಿಷಯವನ್ನು ಬಲವಾಗಿ ವಿರೋಧಿಸುತ್ತೇನೆ. ಶಾಲೆಗೆ ಮೊಬೈಲ್ ಬೇಕೇ ಬೇಕು. ಆದರೆ ಮಿಸ್ ಬೇಡ ಅಂದರೆ ಬೇಡ. ಧನ್ಯವಾದಗಳು."

ಚಪ್ಪಾಳೆ.

"ಮನವೊಲಿಸೋದು ಹೀಗಲ್ಲಪ್ಪ" ಅಂದೆ. "ನಾನು ಒಪ್ಪಲ್ಲ ಅಂತಿಟ್ಕೋ. ನನ್ನನ್ನ ಒಪ್ಪಿಸು."

"ನೀವು ಒಪ್ಪಲ್ವಾ ಮಿಸ್?"

"ಇಲ್ಲ."

"ಹಂಗಾದ್ರೆ ನಾನೂ ಒಪ್ಪಲ್ಲ ಮಿಸ್" ಎಂದು ಕೂತುಬಿಟ್ಟ.

ಆಧಾರ ಕೊಡು

ಆ ವಾರದ ಕೊನೆಯಲ್ಲಿ ನಾನು ಹಲಗೆಯ ಮೇಲೆ ಒಂದೇ ವಾಕ್ಯ ಬರೆದೆ: 'ನಿಮ್ಮ ಮಿಸ್ ಚೆನ್ನಾಗಿದ್ದಾರೆ.'

"ಸಂಗತಿಯೋ, ಅಭಿಪ್ರಾಯವೋ?"

"ಸಂಗತಿ ಮಿಸ್" ಅಂದಿತು ಇಡೀ ತರಗತಿ.

"ಅಲ್ಲ ಮಿಸ್."

ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಿದ್ದಳು. ಹೆಸರು ಕರೆದರೂ ತಲೆ ತಗ್ಗಿಸಿ ಉತ್ತರ ಕೊಡುವವಳು ಅವಳು.

"ಏ, ಕೂತ್ಕೊಳೇ!" ಅಂದ ಮಾನಿಟರ್.

"ನೀನು ಸುಮ್ನಿರೋ. ಅದು ತಪ್ಪು ಮಿಸ್. ಅದು ಬರೀ ಅಭಿಪ್ರಾಯ."

ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ಪಾಠ ಪಾಠವೇ. "ಆಧಾರ ಕೊಡು" ಅಂದೆ.

ಅವಳು ಬೆರಳು ಮಡಚಿದಳು. "ಒಂದನೇದು, ನಿಮ್ಮ ಚಪ್ಪಲಿ."

ನೋಡಿಕೊಂಡೆ. ಬಲಗಾಲಿನದು ಕಂದು, ನನ್ನದು. ಎಡಗಾಲಿನದು ಕಪ್ಪು, ಅಕ್ಕನದು.

"ಈಗ ಅದೇ ಫ್ಯಾಷನ್!" ಎಂದು ಮಾನಿಟರ್ ಎದ್ದ. "ನಮ್ಮ ಅತ್ತಿಗೇನೂ ಹಾಕ್ತಾರೆ."

"ಸುಳ್ಳು! ಅದಕ್ಕೆ ನಿನ್ ಹತ್ರ ಏನೋ ಆಧಾರ?" ಎಂದಿತು ಮತ್ತೊಂದು ದನಿ. "ಮಿಸ್ ಹತ್ರಾನೇ ಕೇಳು!" "ಮಿಸ್‌ನ ಕೇಳೋದು ಆಧಾರ ಅಲ್ಲ ಗುರು, ಅವ್ರೇ ವಿಷ್ಯ!" ಬಹಳ ದಿನಗಳ ಮೇಲೆ ತರಗತಿಯಲ್ಲಿ ಗಲಾಟೆಯಾಯಿತು. ನಾನು ಯಾರನ್ನೂ ಸುಮ್ಮನಿರಿಸಲಿಲ್ಲ.

"ಎರಡನೇದು" ಅಂದಳು ಅವಳು, ದನಿ ಏರಿಸಿ, "ಉಪ್ಪಿಟ್ಟಿನ ಉದಾಹರಣೆ ನಿನ್ನೆನೂ ಹೇಳಿದ್ರಿ, ಮೊನ್ನೆನೂ ಹೇಳಿದ್ರಿ. ದಿನಾ ಮೊದಲ್ನೇ ಸಲ ಕೇಳ್ದಂಗೆ ನಕ್ಕಿದೀವಿ. ಇವತ್ತೂ ನಗೋದಕ್ಕೆ ರೆಡಿಯಾಗಿದ್ವಿ."

"ಅದು ಒಳ್ಳೇ ಆಧಾರ" ಅಂದೆ. "ಮೂರನೇದು?"

ಗಲಾಟೆ ತಟ್ಟನೆ ನಿಂತಿತು. ಮಾನಿಟರ್ ಬೇಡವೆಂದು ಅವಳಿಗೆ ತಲೆಯಾಡಿಸಿದ. ಅವಳು ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

"ಹೇಳಮ್ಮ" ಅಂದೆ.

"ಇದು ಸೈನ್ಸ್ ಪಿರಿಯಡ್ಡು ಮಿಸ್."

ಬಾಗಿಲ ಹೊರಗೆ, ಸುರುಳಿ ಸುತ್ತಿದ ಚಾರ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ವಿಜ್ಞಾನದ ಟೀಚರ್ ನಿಂತಿದ್ದರು.