ಷಡ್ಡಕನ ಟೈರು, ನನ್ನ ಅರ್ಜಿ

ಆಟೋಕ್ರಾಸಲ್ಲಿ ಟೈರಿನ ನಿಯಮ ಬದಲಾಯಿಸಿ ಅಂತ ಅರ್ಜಿ ಕೊಡೋನೂ ನಾನೇ, ಬದಲಾದ ಮೇಲೆ ಸಿಕ್ಕಿಬೀಳೋನೂ ನಾನೇ. ಒಂದು ಸಲ ಆದ್ರೆ ಗ್ರಹಚಾರ ಅನ್ನಬಹುದು. ನನಗೆ ವರ್ಷಾವರ್ಷ ಇದೇ ಕಥೆ.

ಆಟೋಕ್ರಾಸ್ ಅಂದ್ರೆ ದೊಡ್ಡದೇನಲ್ಲ. ಕಡೂರಿನಾಚೆ ಒಂದು ಮಣ್ಣಿನ ಬಯಲು, ದಾರಿ ಗುರುತಿಗೆ ಅಲ್ಲಲ್ಲಿ ಕೆಂಪು ಪ್ಲಾಸ್ಟಿಕ್ ಕೋನು. ನಮ್ಮಂಥ ಹವ್ಯಾಸಿಗಳು ಒಬ್ಬೊಬ್ಬರಾಗಿ ಸ್ವಂತ ಕಾರು ಓಡಿಸ್ತೀವಿ. ಎಲ್ಲರಿಗಿಂತ ಬೇಗ ಸುತ್ತಿ ಬಂದೋನಿಗೆ ಒಂದು ಕಪ್.

ನಾನು ಅಜ್ಜಂಪುರದಲ್ಲಿ ಟ್ರಾಕ್ಟರ್ ಸ್ಪೇರ್ಸ್ ಅಂಗಡಿ ಇಟ್ಟೋನು. ನನ್ನ ಷಡ್ಡಕ, ಅಂದ್ರೆ ಹೆಂಡತಿಯ ಅಕ್ಕನ ಗಂಡ, ತರೀಕೆರೆಯೋನು. ಅವನು ಗೆದ್ದ ಕಪ್ ಕಡೂರಿನ ಮಾವನ ಮನೇಲಿ ಟಿ.ವಿ. ಪಕ್ಕ ಕೂತಿದೆ. ನಾನು ಟಿ.ವಿ. ನೋಡೋಕೆ ಕೂತ್ರೆ ಕಪ್ ಒಂದೇ ಕಾಣುತ್ತೆ. ಹೊಟ್ಟೆಕಿಚ್ಚಾ? ಹೌದು ಕಣ್ರೀ, ಹೊಟ್ಟೆಕಿಚ್ಚೇ. ಆ ಜಾಗದಲ್ಲಿ ಒಂದೇ ಒಂದು ಸಲ ನನ್ನ ಕಪ್ ಕೂರಬೇಕು.

೧. ಬಟನ್ ಟೈರು

ಮೊದಲ ವರ್ಷ ಟೈರಿಗೆ ನಿಯಮವೇ ಇರಲಿಲ್ಲ. ಷಡ್ಡಕ ದಪ್ಪ ಹಲ್ಲಿನ ಬಟನ್ ಟೈರು ಹಾಕ್ಕೊಂಡು ಬಂದ. ನನ್ನ ಕಾರು ತಿರುವಿನಲ್ಲಿ ಜಾರಿ ಕೋನಿನ ಮೇಲೆ ಹತ್ತಿದ್ರೆ, ಅವನದು ಮಣ್ಣು ಕಚ್ಕೊಂಡು ಹೋಯ್ತು. ಕಪ್ ಅವನಿಗೆ.

ಮಾರನೇ ದಿನವೇ ಓಟ ನಡೆಸೋ ಕಮಿಟಿಗೆ ಅರ್ಜಿ ಬರೆದೆ: "ಬಟನ್ ಟೈರು ನಿಷೇಧಿಸಿ. ರಸ್ತೆ ಟೈರು ಮಾತ್ರ ಇರಲಿ." ಆದ್ರೆ ನನ್ನ ಮಾತು ಯಾರು ಕೇಳ್ತಾರೆ ಅಂತ, ಶಿವಮೊಗ್ಗಕ್ಕೆ ಹೋಗಿ ನಾನೂ ನಾಲ್ಕು ಬಟನ್ ಟೈರು ತಂದ್ಬಿಟ್ಟೆ.

ಕಮಿಟಿಯವರು ಕೇಳಿಬಿಟ್ರು! ಜನ್ಮದಲ್ಲಿ ಮೊದಲ ಸಲ ನನ್ನ ಮಾತು ನಡೀತು, ಅದೂ ನನ್ನ ಮೇಲೇ.

೨. ಡೇರೆ ಹೂವು

ಸರಿ, ಹಳೇ ರಸ್ತೆ ಟೈರೇ ಗತಿ. ನೋಡಿದ್ರೆ ಅವನ್ನ ನನ್ನ ಹೆಂಡತಿ ಅಂಗಳದಲ್ಲಿ ಮಲಗಿಸಿ, ಗೊಬ್ಬರ ತುಂಬಿ, ಡೇರೆ ಗಿಡ ನೆಟ್ಟಿದ್ಲು. ನಾಲ್ಕರಲ್ಲೂ ಮೊಗ್ಗು.

"ಅಲ್ಲಾ ಕಣ್ರೀ, ಹೂ ಬಿಡೋ ಹೊತ್ತಲ್ಲಿ ಕೀಳ್ತೀರಾ? ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಗಿಡ ಬಲಿನಾ?"

ಕಿತ್ತೆ. ಹಾಕ್ದೆ. ಓಡಿಸ್ದೆ. ಸವೆದು ನುಣ್ಣಗಾಗಿದ್ದ ಟೈರು ಮತ್ತೆ ಕೋನು ಹತ್ತಿತು. ಷಡ್ಡಕ ಅಂಗಡಿಯಿಂದ ಆಗಷ್ಟೇ ತಂದ ಹೊಸ ರಸ್ತೆ ಟೈರಲ್ಲಿ ಗೆದ್ದು, ನನ್ನ ಕಾರಿನ ಹತ್ರ ಬಂದು ಬಗ್ಗಿ ನೋಡ್ದ.

"ಏನಪ್ಪಾ, ಟೈರಿಗೆ ಗೊಬ್ಬರ ಜಾಸ್ತಿ ಆಯ್ತೇನೋ. ಬೆಳೆದಿದೆ, ಓಡ್ತಿಲ್ಲ."

೩. ಹಳದಿ ಚಾಕ್‌ಪೀಸು

ಈ ವರ್ಷ ನಾನೂ ಹೊಸ ರಸ್ತೆ ಟೈರು ಹಾಕಿಸ್ದೆ. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ತಪಾಸಣೆ ಹಿಂದಿನ ಸಂಜೆ, ಓಟ ಬೆಳಗ್ಗೆ. ಮಧ್ಯದಲ್ಲಿ ಷಡ್ಡಕ ಟೈರು ಬದಲಾಯಿಸಿದ್ರೆ? ಮತ್ತೆ ಅರ್ಜಿ: "ತಪಾಸಣೆಯಾದ ಟೈರಿನ ಹೊರಮಗ್ಗುಲಲ್ಲಿ ಹಳದಿ ಚಾಕ್‌ಪೀಸಲ್ಲಿ ನಂಬರ್ ಬರೆಯಿರಿ. ನಂಬರ್ ಇಲ್ಲದ ಟೈರಲ್ಲಿ ಓಡಿದೋರ ಸಮಯ ಲೆಕ್ಕಕ್ಕಿಲ್ಲ." ಅದನ್ನೂ ಒಪ್ಪಿದ್ರು.

ತಪಾಸಣೆ ಮಾಡೋರು ಕಡೂರಿನ ಟೈರ್ ಅಂಗಡಿ ಸಾಹೇಬ್ರು, ಬಲು ನಿಯತ್ತಿನ ಮನುಷ್ಯ. ಸಂಜೆ ಇಬ್ಬರ ಟೈರಿಗೂ ನಂಬರ್ ಬರೆದ್ರು. ಇಬ್ಬರೂ ಮಾವನ ಮನೇಲೇ ಉಳ್ಕೊಂಡ್ವಿ. ಊಟಕ್ಕೆ ಕೂತಾಗ ಅತ್ತೆ ಷಡ್ಡಕನ್ನ ಕೇಳಿದ್ರು: "ಅಳಿಯಂದ್ರೇ, ಬೆಳಗ್ಗೆ ನಿಮ್ಮ ಗಾಡಿಗೆ ಪೂಜೆ ಮಾಡ್ಲಾ?"

"ಬೇಡ ಬಿಡಿ ಅತ್ತೆ," ಅಂದ ಅವನು.

ನನಗೆ ಉರಿದುಹೋಯ್ತು. "ಯಾವಾಗ್ಲೂ ದೊಡ್ಡಳಿಯನ್ನೇ ಕೇಳ್ತೀರಿ. ನಂದು ಗಾಡಿ ಅಲ್ವಾ?"

"ಅಯ್ಯೋ, ಅಷ್ಟಕ್ಕೆಲ್ಲಾ ಬೇಜಾರಾ? ನಿಮ್ಮ ಗಾಡಿಗೇ ಮಾಡ್ತೀನಿ," ಅಂದ್ರು ಅತ್ತೆ.

ಬೆಳಗ್ಗೆ ನಾನು ಎದ್ದು ಬರೋ ಹೊತ್ತಿಗೆ ಕಾರಿಗೆ ಹೂವಿನ ಹಾರ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು, ಟೈರಿಗೆ ವಿಭೂತಿ ಪಟ್ಟೆ. ಷಡ್ಡಕನ ಕಾರು ಧೂಳು ಹೊತ್ಕೊಂಡು ನಿಂತಿತ್ತು. ಎಷ್ಟು ಖುಷಿ ಆಯ್ತು ಅಂತೀರಿ!

ಓಡಿಸ್ದೆ ನೋಡಿ, ಒಂದು ಕೋನು ಅಲುಗಲಿಲ್ಲ. ನನ್ನ ಸಮಯವೇ ಎಲ್ಲರಿಗಿಂತ ಕಡಿಮೆ. ಷಡ್ಡಕ ಎರಡನೇ ಸ್ಥಾನ! ಟಿ.ವಿ. ಪಕ್ಕದ ಜಾಗ ಕಣ್ಮುಂದೆ ಬಂತು.

ಸಾಹೇಬ್ರು ಬಂದು ಬಗ್ಗಿದ್ರು. ನಾಲ್ಕೂ ಟೈರು ಸುತ್ತಿ ನೋಡಿದ್ರು.

"ನಂಬರ್ ಎಲ್ಲಿ?"

ಒಂದರಲ್ಲೂ ಇಲ್ಲ. ಷಡ್ಡಕನ ಟೈರಲ್ಲಿ ಹಳದಿ ನಂಬರ್ ಫಳಫಳ ಅಂತಿದೆ.

"ಇದ್ಯಾವ ನಿಯಮ ಸಾಹೇಬ್ರೇ, ಅನ್ಯಾಯ ಅಲ್ವಾ?" ಅಂದೆ.

ಅವರು ಜೇಬಿಂದ ಕಾಗದ ತೆಗೆದು ತೋರಿಸಿದ್ರು. ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ.

ಕಪ್ ಷಡ್ಡಕನಿಗೆ. ಸೀದಾ ಮನೆಗೆ ಹೋಗಿ, "ಅತ್ತೆ, ಟೈರಿನ ಮೇಲಿನ ಹಳದಿ ನಂಬರ್ ಏನಾಯ್ತು?" ಅಂದೆ.

"ಅದಾ? ಯಾವನೋ ಗೀಚಿದ್ದ. ಕೊಳಕು ಚಕ್ರಕ್ಕೆ ವಿಭೂತಿ ಹಚ್ಚೋಕಾಗುತ್ತಾ? ಸೋಪಿನ ಪುಡಿ ಹಾಕಿ, ತೆಂಗಿನ ನಾರಲ್ಲಿ ಚೆನ್ನಾಗಿ ತಿಕ್ದೆ."

ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸ್ತು. ಷಡ್ಡಕನ ಹೊಸ ಕಪ್ಪನ್ನ ಟಿ.ವಿ. ಪಕ್ಕ ಇಡ್ತಾ ಸಮಾಧಾನ ಹೇಳಿದ್ರು: "ಸೋತ್ರೆ ಸೋತ್ರಿ ಬಿಡಿ ಅಳಿಯಂದ್ರೇ. ಇಡೀ ಮೈದಾನದಲ್ಲಿ ನಿಮ್ಮ ಟೈರಿನಷ್ಟು ಚೊಕ್ಕಟ ಯಾರದೂ ಇರಲಿಲ್ವಂತೆ."