ಹೊಸ ಬಾಗಿಲಿನ ಮುಂದೆ ಜಂಬ ಕೊಚ್ಚುವುದನ್ನು ನಿಷೇಧಿಸುವ ಬಗ್ಗೆ

ಸಂಖ್ಯೆ: ಕೌಂಜೈ/ಬೀಗ/09
ಕೌಂಟಿ ಜೈಲು, ಟಲ್ಲಾಬೀ, ಮಿಸಿಸಿಪ್ಪಿ

ವಿಷಯ: ಬಿಡುಗಡೆಯಾದವರು ಹೊರಹೋಗಲಾಗದೆ, ಬಿಡುಗಡೆ ಮಾಡಿದವರು ಹೊರಬರಲಾಗದೆ, ಮದುವೆಯೊಂದು ಒಳಗೇ ನಡೆದುಹೋದ ಕುರಿತು.

ಉಲ್ಲೇಖ: ಶನಿವಾರದ ಘಟನೆ ಹಾಗೂ ಅದನ್ನು ಕಂಡು ನಕ್ಕವರ ಮೌಖಿಕ ಹೇಳಿಕೆಗಳು.

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಹಾರ್ಲನ್ ಗುಡ್‌ಸ್ಪೀಡ್ ಅವರು ಹೊಸ ವಿದ್ಯುತ್ ಬಾಗಿಲಿನ ಹೆಚ್ಚುಗಾರಿಕೆಯನ್ನು ಸಿಬ್ಬಂದಿಗೆ ತೋರಿಸಲು ಒಂಬತ್ತನೇ ಕೋಣೆಯೊಳಗೆ ಕಾಲಿಟ್ಟು, "ಇದು ನನ್ನ ಮಾತು ಬಿಟ್ಟು ಇನ್ಯಾರ ಮಾತೂ ಕೇಳಲ್ಲ, ನೋಡ್ರಿ" ಎಂದು ಘೋಷಿಸಿದ ಕೂಡಲೇ ಬಾಗಿಲು ಮುಚ್ಚಿಕೊಂಡಿರುತ್ತದೆ. ಅನಂತರ ಅದು ಅವರ ಮಾತನ್ನೂ ಕೇಳಿರುವುದಿಲ್ಲ. ಸದರಿ ಕೋಣೆಯಲ್ಲಿದ್ದ ಕೈದಿ ಕಾರ್ನೆಲ್ ಹಿಗ್ಗಿನ್ಸ್ ಅವರ ಶಿಕ್ಷೆ ಅಂದೇ ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಸಂಜೆ ತಂಗಿ ರೋಸೆಟಾಳ ಮದುವೆಗೆ ಅವಳ ಕೈ ಹಿಡಿದು ಚರ್ಚಿನೊಳಗೆ ಕರೆದೊಯ್ಯುವುದು ಅವರದೇ ಹೊಣೆಯಾಗಿತ್ತು. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಬಿಡುಗಡೆ ಪತ್ರಕ್ಕೆ ಕ್ಯಾಪ್ಟನ್ನರ ಸಹಿ ಅಗತ್ಯವಿದ್ದುದರಿಂದ ಅದನ್ನು ಊಟದ ತಟ್ಟೆ ತೂರಿಸುವ ಕಿಂಡಿಯ ಮೂಲಕ ಒಳಗೆ ಕಳುಹಿಸಿ ಸಹಿ ಪಡೆಯಲಾಗಿದೆ. ಪತ್ರಕ್ಕೆ ಮೆತ್ತಿದ ಬೀನ್ಸ್ ಸಾರನ್ನು ಇಲಾಖೆಯ ಮೊಹರೆಂದು ಪರಿಗಣಿಸತಕ್ಕದ್ದು.

2. ಸಹಿಯಾದ ಕ್ಷಣದಿಂದ ಶ್ರೀ ಹಿಗ್ಗಿನ್ಸ್ ಕೈದಿಯಲ್ಲ, ಅತಿಥಿ. "ಈಗ ನಾನು ಸ್ವತಂತ್ರ ಪ್ರಜೆ ಸಾರ್. ನನ್ನ ಮಂಚದ ಮೇಲೆ ಕೂತಿದ್ದೀರಿ, ಸ್ವಲ್ಪ ಏಳ್ತೀರಾ?" ಎಂಬ ಅವರ ಕೋರಿಕೆಯಂತೆ ಕ್ಯಾಪ್ಟನ್ನರು ಎದ್ದಿರುತ್ತಾರೆ. ಮುಂದೆಯೂ ಏಳತಕ್ಕದ್ದು.

3. ಅಕ್ಕಪಕ್ಕದ ಕೋಣೆಯವರು "ಹೊಸಬ ಬಂದಿದ್ದಾನೆ ಕಣ್ರೋ! ಏನಪ್ಪಾ ನಿನ್ನ ಕೇಸು?" ಎಂದು ಕೂಗುವುದನ್ನು ನಿಷೇಧಿಸಲಾಗಿದೆ. "ಜಂಬದ ಕೇಸು" ಎಂದು ಶ್ರೀ ಹಿಗ್ಗಿನ್ಸ್ ಕೊಟ್ಟ ಉತ್ತರವನ್ನು ಯಾರೂ ಕೇಳಿಸಿಕೊಂಡಿರತಕ್ಕದ್ದಲ್ಲ.

4. ಬೀಗದ ಕಂಪನಿಯವರು ಸೋಮವಾರ ಬರುವುದಾಗಿ ತಿಳಿಸಿದಾಗ ಶ್ರೀ ಹಿಗ್ಗಿನ್ಸ್ ನಗು ನಿಲ್ಲಿಸಿ ಗೋಡೆಗೆ ಮುಖ ಮಾಡಿ ಕುಳಿತಿರುತ್ತಾರೆ. "ಅಪ್ಪ ಇಲ್ಲ ಅಂತ ಅವಳು ಅತ್ತಾಗ, ನಾನಿದ್ದೀನಲ್ಲೇ ಹುಚ್ಚೀ ಅಂದಿದ್ದೆ ಸಾರ್" ಎಂದಿರುತ್ತಾರೆ. ಆಗ ಕ್ಯಾಪ್ಟನ್ನರು ಬಾಗಿಲನ್ನು ಒದ್ದು, ಕಾಲು ಹಿಡಿದುಕೊಂಡು, ಕಾವಲಿನ ಡಾರ್ಲೀನ್ ಅವರಿಗೆ "ಮದುವೇನೇ ಇಲ್ಲಿಗೆ ಕರೆಸ್ರೀ!" ಎಂದು ಕೂಗಿರುತ್ತಾರೆ. ಇಲಾಖೆಯ ಆಸ್ತಿಯನ್ನು ಒದೆಯುವುದು ಅಪರಾಧ. ಈ ಒದೆತವನ್ನು ಮಾತ್ರ ಮನ್ನಿಸಲಾಗಿದೆ.

5. ವಧು ಬಂದಾಗ ಲೋಹಪತ್ತೆ ಯಂತ್ರ ಕೂಗಿದ್ದನ್ನು ಮದುವೆಯ ಬ್ಯಾಂಡೆಂದು ಭಾವಿಸತಕ್ಕದ್ದು. ಕಿಂಡಿಯಿಂದ ಹೊರಚಾಚಿದ ಕೈಯನ್ನು ಹಿಡಿದು ರೋಸೆಟಾ, "ಅಯ್ಯೋ ಅಣ್ಣಾ, ಬಿಟ್ಟ ದಿನಾನೂ ಒಳಗೇ ಇದ್ದೀಯಲ್ಲೋ!" ಎಂದು ಅಳುತ್ತಲೇ ನಕ್ಕಿರುತ್ತಾರೆ. ಈ ಹುಡುಗಿಯನ್ನು ಒಪ್ಪಿಸಿಕೊಡುವವರು ಯಾರೆಂದು ಪಾದ್ರಿಗಳು ಕೇಳಿದಾಗ ಕಿಂಡಿಯಿಂದ "ನಾನು!" ಎಂದೂ, ಉಳಿದೆಲ್ಲ ಕೋಣೆಗಳಿಂದ "ನಾವೂ!" ಎಂದೂ ಉತ್ತರ ಬಂದಿರುತ್ತದೆ. ಕ್ಯಾಪ್ಟನ್ನರ ಕಣ್ಣಲ್ಲಿ ಕಂಡದ್ದು ಬೆವರು.

6. ತದನಂತರ ಎಲ್ಲರೂ ಕುಣಿದ ರಭಸಕ್ಕೆ ನೆಲ ಅದುರಿ ಬಾಗಿಲು ತಾನಾಗಿಯೇ ತೆರೆದುಕೊಂಡಿರುತ್ತದೆ. ಶ್ರೀ ಹಿಗ್ಗಿನ್ಸ್ ಒಂದೇ ನೆಗೆತಕ್ಕೆ ಹೊರಬಿದ್ದು ತಂಗಿಯನ್ನು ಎತ್ತಿ ಗಿರಗಿರನೆ ತಿರುಗಿಸಿ, "ನೀವೂ ಬನ್ನಿ ಸಾರ್!" ಎಂದು ಕರೆದಿರುತ್ತಾರೆ. ಕ್ಯಾಪ್ಟನ್ನರು ಟೋಪಿ ಸರಿಮಾಡಿಕೊಳ್ಳಲು ಒಂದು ಕ್ಷಣ ನಿಂತಿರುತ್ತಾರೆ. ಇನ್ನು ಮುಂದೆ ಬಾಗಿಲು ತೆರೆದಾಗ ಯಾರೂ ಟೋಪಿ ಸರಿಮಾಡಿಕೊಳ್ಳಕೂಡದೆಂದು ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

ಸಹಿ/-
ಹಾರ್ಲನ್ ಗುಡ್‌ಸ್ಪೀಡ್
ಕ್ಯಾಪ್ಟನ್, ಒಂಬತ್ತನೇ ಕೋಣೆ
(ಕಿಂಡಿಯ ಮೂಲಕ)

ಪ್ರತಿಗಳು:
ಬೀಗದ ಕಂಪನಿಗೆ: ಯಾವ ಸೋಮವಾರ ಎಂಬುದನ್ನು ಸ್ಪಷ್ಟಪಡಿಸಲು.
ಶ್ರೀಮತಿ ಗುಡ್‌ಸ್ಪೀಡ್ ಅವರಿಗೆ: ಊಟಕ್ಕೆ ಕಾಯದಿರಲು.
ಅಕ್ಕಪಕ್ಕದ ಕೋಣೆಯವರಿಗೆ: ನಗದೆ ಓದಿಕೊಳ್ಳಲು.
ಡಾರ್ಲೀನ್ ಅವರಿಗೆ: ಮದುವೆಯ ಕೇಕನ್ನು ತೆಳ್ಳಗೆ ಕತ್ತರಿಸಲು, ತುರ್ತು.