ಗಿಡ್ಡ ಪೈಪಿನ ಮರ್ಯಾದೆ

"ಈ ಸಲ ನಾನು ಚನ್ನರಾಯಪಟ್ಟಣಕ್ಕೆ ಹೋದದ್ದು ಇಡೀ ಊರಿಗೆ ಗೊತ್ತಾಗಬೇಕು ಕಣೇ. ಗೊತ್ತಾಗದಿದ್ರೆ ನಾನು ರುದ್ರಯ್ಯನೇ ಅಲ್ಲ" ಎಂದು ಹಾಸನದ ಆಲೂಗೆಡ್ಡೆ ಮಂಡಿಯ ರುದ್ರಯ್ಯನವರು ಹೆಂಡತಿ ದಾಕ್ಷಾಯಣಮ್ಮನ ಮುಂದೆ ಶಪಥ ಮಾಡಿದರು.

ಸಿಟ್ಟಿಗೆ ಕಾರಣವಿತ್ತು. ಇಂಗ್ಲೆಂಡಿಗೆ ವಾಪಸಾಗುತ್ತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಅವರು ಎರಡೇ ಸೀಟಿನ ಕೆಂಪು ರೇಸು ಕಾರು ಕೊಂಡಿದ್ದರು. ಹಿಂದಿನ ಯುಗಾದಿಗೆ ಅದರಲ್ಲೇ ಚನ್ನರಾಯಪಟ್ಟಣದ ಮಾವನ ಮನೆಗೆ ಹೋದರು. ತಲೆಗೆ ಚರ್ಮದ ಟೋಪಿ, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಹೋಗಿ ನೋಡಿದರೆ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮಾವ ಚಂದ್ರಶೇಖರಯ್ಯನವರು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಗಂಡುಮಕ್ಕಳಿಲ್ಲದ ಆ ಮನೆಗೆ ಮಗನ ಸಮಾನನಾದ ಹಿರಿಯ ಅಳಿಯ ತಾನೇ ಹಿತ್ತಲಿಗೆ ಹೋಗಿ, ತಾನೇ ನೀರು ಸೇದಿ, ತನ್ನ ಕಾಲಿಗೆ ತಾನೇ ಹುಯ್ದುಕೊಳ್ಳಬೇಕಾಯಿತು. ಹಾಸನ ಸೀಮೆಯ ಚರಿತ್ರೆಯಲ್ಲಿ ಯಾವ ಅಳಿಯನಿಗೂ ಇಂಥ ಅಪಮಾನ ಆಗಿರಲಿಲ್ಲವೆಂದು ಅವರ ದೃಢವಾದ ಅಭಿಪ್ರಾಯ.

"ಕಾರಿನ ಸದ್ದೇ ಕೇಳಿಸ್ಲಿಲ್ವಂತೆ. ಮೊಸರು ಮಾರೋಳು ಕೂಗಿದ್ರೆ ಕೇಳಿಸ್ತದೆ, ಅಳಿಯ ಬಂದ್ರೆ ಕೇಳಿಸಲ್ಲ" ಎಂದು ಅವರು ಯುಗಾದಿಯಿಂದ ದೀಪಾವಳಿಯವರೆಗೂ ಗೊಣಗಿದರು.

ಅಷ್ಟರಲ್ಲಿ ದಾಕ್ಷಾಯಣಮ್ಮನ ತಂಗಿ ಪ್ರೇಮಕುಮಾರಿಗೆ ಹಾಸನದಲ್ಲೇ ಗಂಡು ಗೊತ್ತಾಯಿತು. ಗಂಡಿನ ದಿಬ್ಬಣವನ್ನು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಕರೆದೊಯ್ಯುವ ಹೊಣೆ ಈ ಗಂಡಹೆಂಡಿರ ಮೇಲೆ ಬಿತ್ತು. ಸರಿಯಾಗಿ ಆಗಲೇ ಕಾರಿನ ಹೊಗೆ ಪೈಪು ತುಕ್ಕು ಹಿಡಿದು ಕಳಚಿ ಬಿತ್ತು.

ರಿಪೇರಿಯ ರಂಗಸ್ವಾಮಿ ಎರಡು ಪೈಪು ಎತ್ತಿ ತೋರಿಸಿದ. "ಉದ್ದದ್ದಾದ್ರೆ ಏರು ಸಲೀಸಾಗಿ ಹತ್ತುತ್ತೆ, ಸದ್ದು ಕಮ್ಮಿ. ಗಿಡ್ಡದು ಓಡೋವಾಗ ಒಳ್ಳೆ ಜೋರು. ಆದ್ರೆ ನಿಧಾನ ಮಾಡಿದ್ರೆ ಢಂ ಅಂತದೆ, ಹೊಗೆ ಮೊಕಕ್ಕೇ ಬತ್ತದೆ. ಯಾವ್ದು ಆಕ್ಲಿ ಸಾ?"

"ಢಂ ಅನ್ನೋದು ಎಷ್ಟು ದೂರ ಕೇಳಿಸ್ತದೆ?"

"ಅರ್ಧ ಊರಿಗೆ ಸಾ."

"ಮಿಕ್ಕರ್ಧ ಏನು ಪಾಪ ಮಾಡಿತ್ತು? ಇನ್ನೂ ಒಂದು ಗೇಣು ಕತ್ತರಿಸು."

ದಾಕ್ಷಾಯಣಮ್ಮ ಬೇಡವೆಂದರು. "ಮದುವೆ ಮನೆ ಕಣ್ರೀ. ಉದ್ದದ್ದು ಹಾಕಿಸ್ಕೊಂಡು ಬಸ್ಸಿನ ಹಿಂದೆ ಮೆತ್ತಗೆ ಬನ್ನಿ."

"ಬಸ್ಸಿನ ಹಿಂದೆಯಾ? ರೇಸು ಕಾರು ಬಸ್ಸಿನ ಧೂಳು ಕುಡಿಯೋದಾ?"

"ಹಂಗಾದ್ರೆ ನಾನು ಬಸ್ಸಲ್ಲೇ ಬತ್ತೀನಿ. ಉದ್ದದ್ದನ್ನ ಗೋಣಿಚೀಲದಲ್ಲಿ ಸುತ್ಕೊಂಡು ತತ್ತೀನಿ. ವಾಪಸ್ ಬರೋವಾಗ ನೀವೇ ಕೇಳ್ತೀರ."

ಮದುವೆಯ ಹಿಂದಿನ ದಿನ ಗಿಡ್ಡ ಪೈಪಿನ ಕಾರು ಹಾಸನ ಬಿಟ್ಟಿತು. ಶಾಂತಿಗ್ರಾಮದಲ್ಲಿ ಎತ್ತುಗಳು ಗಾಡಿ ಸಮೇತ ಗದ್ದೆಗೆ ಇಳಿದವು. ಗಾಡಿಯವರು ಬೈದದ್ದು ರುದ್ರಯ್ಯನವರಿಗೆ ಕೇಳಿಸಲಿಲ್ಲ. ಆ ಪೈಪಿನ ಮುಂದೆ ಏನೂ ಕೇಳಿಸುವಂತಿರಲಿಲ್ಲ. ದಿಬ್ಬಣದ ಬಸ್ಸನ್ನು ಎಷ್ಟೋ ಹಿಂದೆ ಬಿಟ್ಟು ಚನ್ನರಾಯಪಟ್ಟಣದ ಊರುಬಾಗಿಲಿಗೆ ಬಂದು ವೇಗ ತಗ್ಗಿಸಿದರು. ಢಂ ಎಂದಿತು. ಮತ್ತೆ ಢಂ, ಮತ್ತೊಂದು ಢಂ.

ದಿಬ್ಬಣ ಬಂತೆಂದು ತಿಳಿಸಲು ಗಂಡಿನ ಕಡೆಯವರು ಊರ ಮುಂದೆ ಮದ್ದು ತುಂಬಿದ ಗರ್ನಾಲು ಹಾರಿಸುವುದು, ಆ ಸದ್ದು ಕೇಳಿದೊಡನೆ ಹೆಣ್ಣಿನ ಕಡೆಯವರು ವಾಲಗದೊಡನೆ ಎದುರುಗೊಳ್ಳುವುದು ಆ ಕಡೆಯ ಪದ್ಧತಿ. ರುದ್ರಯ್ಯನವರಿಗೂ ಇದು ಗೊತ್ತು. ಆದರೆ ಸಿಟ್ಟು ನೆತ್ತಿಗೇರಿದ ಮನುಷ್ಯನಿಗೆ ಗೊತ್ತಿದ್ದದ್ದೂ ನೆನಪಾಗುವುದಿಲ್ಲ.

ಬಂದಿತು ವಾಲಗ. ಬಂದರು ಮುತ್ತೈದೆಯರು, ಸೋಬಾನೆ ಹಾಡುತ್ತ. ಕೊರಳಿಗೆ ಹಾರ ಬಿತ್ತು, ಆರತಿ ಎತ್ತಿದರು, ತಂಬಿಗೆ ತಂಬಿಗೆ ನೀರು ಕಾಲಿನ ಮೇಲೆ ಹರಿಯಿತು. 'ಕೊನೆಗೂ ಬುದ್ಧಿ ಬಂತು ಇವರಿಗೆ' ಎಂದುಕೊಂಡ ರುದ್ರಯ್ಯನವರು, ಗತ್ತು ಕೆಡಬಾರದೆಂದು ಟೋಪಿ, ಕನ್ನಡಕ ತೆಗೆಯಲೇ ಇಲ್ಲ. ಹೊಗೆಯ ಮಸಿ ಮೆತ್ತಿದ ಆ ಮುಖ ಯಾರದೆಂದು ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕೂತು ಅವರು ಟೋಪಿ ತೆಗೆದಾಗ ಮಾವನವರ ಕೈಯ ಪಾನಕದ ಲೋಟ ಜಾರಿತು.

"ನೀವಾ ಅಳಿಯಂದ್ರೇ? ಬಂದೋನು ಗಂಡು, ನೀವು ಕಾರನ್ನೇ ಅವನಿಗೆ ಬಿಟ್ಟುಕೊಟ್ಟಿದೀರ, ಎಂಥ ದೊಡ್ಡ ಮನಸ್ಸು ಅಂದ್ಕೊಂಡಿದ್ನಲ್ಲಪ್ಪ."

ಅತ್ತ ಊರ ಮುಂದೆ ನಿಜವಾದ ಗರ್ನಾಲು ಹಾರಿ ಎಷ್ಟೋ ಹೊತ್ತಾಗಿತ್ತು. ತಮ್ಮ ಕೆಲಸ ಮುಗಿಯಿತೆಂದು ವಾಲಗದವರು ಉಪ್ಪಿಟ್ಟಿಗೆ ಕೂತಿದ್ದರು. ಯಾವನೋ ಪಟಾಕಿ ಹೊಡೆದನೆಂದು ಯಾರೂ ಏಳಲಿಲ್ಲ. ಗಂಡಿನ ತಂದೆ ಗಂಗಯ್ಯನವರು ಬಸ್ಸಿನ ಪಕ್ಕದಲ್ಲೇ ಟ್ರಂಕಿನ ಮೇಲೆ ಕೂತುಬಿಟ್ಟರು. ಅವರ ಮಾತನ್ನು ಹೊತ್ತು ಒಬ್ಬ ಮದುವೆ ಮನೆಗೆ ಓಡಿಬಂದ.

"ನಮಗೆ ಆಗಬೇಕಾದ ಮರ್ಯಾದೆ ಯಾರೋ ಮಸಿಮೂತಿಯೋನಿಗೆ ಆಯ್ತಂತಲ್ಲ. ನಮ್ಮ ನೀರು ಯಾರ ಕಾಲಿಗೆ ಬಿತ್ತೋ ಅವನೇ ಬಂದು, ಈ ಬಸ್ಸಿಂದ ಇಳಿಯೋ ಒಬ್ಬೊಬ್ಬರ ಕಾಲಿಗೂ ನೀರು ಹುಯ್ಬೇಕು. ಇಲ್ದಿದ್ರೆ ಇದೇ ಬಸ್ಸಲ್ಲಿ ವಾಪಸ್ ಓಯ್ತೀವಿ, ಅಂದ್ರು ಸ್ವಾಮಿ."

"ನಾನಾ?" ರುದ್ರಯ್ಯನವರು ನೆಟ್ಟಗೆ ಎದ್ದು ನಿಂತರು. "ಹಾಸನ ಸೀಮೆಗೆ ಒಂದೇ ರೇಸು ಕಾರು, ಅದರ ಓನರು ನಾನು. ನಾನು ತಂಬಿಗೆ ಹಿಡೀಬೇಕಾ? ಹಿಡಿಯಲ್ಲ."

ಒಳಗಿನಿಂದ ಪ್ರೇಮಕುಮಾರಿ ಬಿಕ್ಕಳಿಸಿದ್ದು ಕೇಳಿಸಿತು. ಅವರು ಎತ್ತಿ ಆಡಿಸಿದ ಹುಡುಗಿ. ರುದ್ರಯ್ಯನವರು ಕೊರಳಿನ ಹಾರ ತೆಗೆದಿಟ್ಟರು. ಮಾವ ತಂಬಿಗೆ ಮುಂದೆ ಹಿಡಿದರು.

ಊರ ಮುಂದೆ ಬಸ್ಸಿನ ಬಾಗಿಲಲ್ಲಿ ನಿಂತು ರುದ್ರಯ್ಯನವರು ಬಗ್ಗಿ ಹುಯ್ಯತೊಡಗಿದರು. ಗಂಡು, ಗಂಡಿನ ತಂದೆ, ಸೋದರಮಾವಂದಿರು, ಸೋದರತ್ತೆಯರು, ಅಡಿಗೆಯವರು, ಡ್ರೈವರು ಎಲ್ಲರಿಗೂ ಆಯಿತು. ಗರ್ನಾಲು ಹಾರಿಸುವವನು ಬೇಕೆಂದೇ ಎರಡು ಸಲ ಕಾಲೊಡ್ಡಿದ. ಶಾಂತಿಗ್ರಾಮದಲ್ಲಿ ಸುಮ್ಮನೆ ಹತ್ತಿಕೊಂಡಿದ್ದ ಒಬ್ಬ ಮುದುಕ, "ಮದ್ವೆ ಯಾರ್ದು ಬುದ್ಧಿ?" ಎಂದು ಕೇಳುತ್ತ ಹಿಮ್ಮಡಿ ತಿಕ್ಕಿಸಿಕೊಂಡ. ಗಂಗಯ್ಯನವರು ಟ್ರಂಕು ಬಿಟ್ಟು ಎದ್ದರು. ವಾಲಗ ಮತ್ತೆ ಶುರುವಾಯಿತು. ರುದ್ರಯ್ಯನವರು ಸೊಂಟ ಹಿಡಿದುಕೊಂಡು ನೆಟ್ಟಗಾಗುವಷ್ಟರಲ್ಲಿ ಬಸ್ಸಿನಿಂದ ಕೊನೆಯದಾಗಿ ದಾಕ್ಷಾಯಣಮ್ಮ ಇಳಿದರು.

"ನಿನಗೂ ಹುಯ್ಯಬೇಕೇನೇ?" ಎಂದು ರುದ್ರಯ್ಯನವರು ಹಲ್ಲು ಕಡಿದರು.

"ಬುಡಿ, ಗಂಡನ ಕೈಲಿ ಕಾಲಿಗೆ ನೀರು ಹಾಕಿಸ್ಕೊಂಡ್ರೆ ಪಾಪ ಬತ್ತದೆ" ಎನ್ನುತ್ತ ದಾಕ್ಷಾಯಣಮ್ಮ ಗೋಣಿಚೀಲ ಬಿಚ್ಚಿ ಉದ್ದ ಪೈಪನ್ನು ಅವರ ಮುಂದೆ ನಿಲ್ಲಿಸಿದರು. "ಇದಕ್ಕೆ ಒಂದು ತಂಬಿಗೆ ಹುಯ್ರಿ. ಇದೂ ಬಸ್ಸಲ್ಲೇ ಬಂದದೆ."